ಸತ್ತದ್ದನ್ನು ತಿನ್ನುವ ದುಂಬಿಗಳು: ಕೀಟ ಸಾಕಣೆಯ ಪೆಟ್ಟಿಗೆಯಲ್ಲಿ ಅವುಗಳ ಕೆಲಸವೇನು, ಮಿತಿಯೇನು

ಕೋಳಿಗೆ, ಅಕ್ವೇರಿಯಂ ಮೀನಿಗೆ, ಪಂಜರದ ಹಕ್ಕಿಗೆ ಜೀವಂತ ಆಹಾರ ಬೇಕೆಂದು ಮನೆಯಲ್ಲಿ ಕೀಟ ಸಾಕುವವರಿಗೆ ಮೊದಲ ಕೆಲವು ತಿಂಗಳು ಯಾವ ತೊಂದರೆಯೂ ತೋರುವುದಿಲ್ಲ. ಪೆಟ್ಟಿಗೆ ಹೊಸದಾಗಿರುತ್ತದೆ, ಹುಳುಗಳು ಎಳೆಯವಾಗಿರುತ್ತವೆ, ಸಾಯುವವು ಬೆರಳೆಣಿಕೆಯಷ್ಟು. ಸಂಖ್ಯೆ ಸಾವಿರ ದಾಟಿ, ತಂದಾಗಲೇ ಬಲಿತಿದ್ದವುಗಳಿಗೆ ಮುಪ್ಪು ಬಂದಾಗ ಪ್ರತಿದಿನವೂ ಒಂದೆರಡು ಸಾಯತೊಡಗುತ್ತವೆ. ಸತ್ತವು ಎದುರಿಗೆ ಬಿದ್ದಿರುವುದಿಲ್ಲ. ಹುಳುಗಳು ಅಡಗಲೆಂದು ಇಟ್ಟ ಮೊಟ್ಟೆ ಟ್ರೇಗಳ ಸಂದಿಯಲ್ಲಿ, ಹಿಕ್ಕೆಯ ಪದರದ ಅಡಿಯಲ್ಲಿ, ಕೈ ಹಾಕಿದರೆ ಇಡೀ ವಸಾಹತು ಕಲಕಿಹೋಗುವಂಥ ಜಾಗದಲ್ಲಿ ಇರುತ್ತವೆ. ಗಂಗಾವತಿಯ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ನಾನು ಪ್ರಾಣಿಗಳ ಆಹಾರಕ್ಕೆಂದೇ ಸಾಕುವ ಡುಬಿಯಾ ಎಂಬ ಜಾತಿಯ ಜಿರಳೆಗಳನ್ನು ಸಾಕಲು ತೊಡಗಿದ ಮೊದಲ ಮಳೆಗಾಲದಲ್ಲಿ ಮುಚ್ಚಳ ತೆಗೆದರೆ ಕಣ್ಣು ಉರಿಯುವಂಥ ಘಾಟು ಬರುತ್ತಿತ್ತು. ಆ ಘಾಟಿನ ಮೂಲವನ್ನು ಹುಡುಕುತ್ತ ಹೋದಾಗಲೇ ದುಂಬಿಗಳನ್ನು ಸ್ವಚ್ಛತೆಯ ಕೆಲಸಕ್ಕೆ ಬಿಡುವ ಪದ್ಧತಿಯನ್ನು ನಾನು ಸರಿಯಾಗಿ ತಿಳಿದುಕೊಂಡದ್ದು.

ಕೀಟದ ಹೊರಗವಚವು ಒಳಗಿನ ನೀರು ಆವಿಯಾಗದಂತೆ ಮೇಣದ ಲೇಪ ಪಡೆದಿರುವ ಚಿಪ್ಪು. ಜಿರಳೆಯ ತೂಕದಲ್ಲಿ ಸುಮಾರು ಮೂರನೇ ಎರಡು ಭಾಗ ನೀರೇ ಆಗಿರುವುದರಿಂದ, ಅದು ಸತ್ತ ಮೇಲೆ ಆ ಚಿಪ್ಪು ಬಾಯಿ ಕಟ್ಟಿದ ಒದ್ದೆ ಚೀಲದಂತಾಗಿ, ಒಳಗಿನ ಬ್ಯಾಕ್ಟೀರಿಯಾಗಳಿಗೆ ಬೆಚ್ಚಗಿನ ಮನೆಯಾಗುತ್ತದೆ. ಜಿರಳೆಗಳು ತಮ್ಮ ದೇಹದ ಹೆಚ್ಚುವರಿ ಸಾರಜನಕವನ್ನು ಯೂರಿಕ್ ಆಮ್ಲದ ರೂಪದಲ್ಲಿ ಕೊಬ್ಬಿನ ಅಂಗಾಂಶದಲ್ಲಿ ಕೂಡಿಡುತ್ತವೆ. ಬ್ಯಾಕ್ಟೀರಿಯಾಗಳು ಅದನ್ನು ಒಡೆದಾಗ ಹೊರಬರುವುದೇ ಅಮೋನಿಯ. ಕಣ್ಣು ಉರಿಸುವುದು ಅದು. ಕೊಳೆತ ದೇಹದ ತೇವವು ಸುತ್ತಲಿನ ಹಿಕ್ಕೆಗೆ ಇಳಿಯುತ್ತದೆ, ಹಿಕ್ಕೆ ಗಂಟುಗಟ್ಟಿ ಬೂಷ್ಟು ಹಿಡಿಯುತ್ತದೆ, ಬೂಷ್ಟನ್ನು ಅರಸಿ ಧಾನ್ಯದ ನುಸಿಗಳು ಬರುತ್ತವೆ, ಕೊಳೆತದ್ದನ್ನು ಅರಸಿ ಗೂನುಬೆನ್ನಿನ ಸಣ್ಣ ನೊಣಗಳು ಮೊಟ್ಟೆಯಿಡುತ್ತವೆ. ಆದ್ದರಿಂದ ಒಂದು ಹೆಣ ಕೊಳೆಯುವ ಮೊದಲೇ ಅದರ ಚಿಪ್ಪನ್ನು ತೂತು ಮಾಡಿ, ಒಳಗಿನದನ್ನು ತಿಂದು, ಉಳಿದದ್ದನ್ನು ಒಣಗಲು ಬಿಡುವ ಜೀವಿಯೊಂದು ಪೆಟ್ಟಿಗೆಯಲ್ಲಿದ್ದರೆ ಈ ಸರಪಳಿ ಮೊದಲ ಕೊಂಡಿಯಲ್ಲೇ ಕಡಿಯುತ್ತದೆ. ದುಂಬಿಗಳಿಂದ ನಾವು ಬಯಸುವುದು ಇಷ್ಟು ಮಾತ್ರ. ಅವು ಪೆಟ್ಟಿಗೆಯನ್ನು ಗುಡಿಸುತ್ತವೆ ಎಂಬ ನಂಬಿಕೆಯನ್ನು ಆರಂಭದಲ್ಲಿಯೇ ಬಿಟ್ಟುಬಿಡಬೇಕು. ಹಿಕ್ಕೆಯನ್ನು ಅವು ಕರಗಿಸುವುದಿಲ್ಲ, ಬದಲಿಗೆ ತಮ್ಮದನ್ನೂ ಅದಕ್ಕೆ ಸೇರಿಸುತ್ತವೆ. ಎರಡು ಮೂರು ತಿಂಗಳಿಗೊಮ್ಮೆ ಜರಡಿ ಹಿಡಿಯುವ ಕೆಲಸ ದುಂಬಿ ಇದ್ದರೂ ತಪ್ಪುವುದಿಲ್ಲ.

ಈ ಕೆಲಸಕ್ಕೆ ಬಳಕೆಯಲ್ಲಿರುವ ದುಂಬಿಗಳು ಮುಖ್ಯವಾಗಿ ಎರಡು ಬಗೆಯವು. ಅವುಗಳ ಸ್ವಭಾವ ಒಂದಕ್ಕೊಂದು ಬಹಳ ಬೇರೆಯಾದರೂ ಮಾರುವವರು ಎರಡನ್ನೂ ಒಂದೇ ಹೆಸರಿನಲ್ಲಿ ಕೊಡುವುದುಂಟು. ನನಗೂ ಮೊದಲ ಸಲ ಹಾಗೆ ಬೆರಕೆಯೇ ಬಂದಿತ್ತು.

ಮೊದಲನೆಯದು ಡರ್ಮೆಸ್ಟಿಡ್ ದುಂಬಿ. ಸ್ವೀಡನ್ನಿನ ಕೀಟವಿಜ್ಞಾನಿ ಚಾರ್ಲ್ಸ್ ಡಿ ಗೀರ್ 1774ರಲ್ಲಿ ವಿವರಿಸಿದ ಡರ್ಮೆಸ್ಟಿಸ್ ಮ್ಯಾಕುಲೇಟಸ್ ಎಂಬ ಪ್ರಭೇದ ಇವುಗಳಲ್ಲಿ ಹೆಚ್ಚು ಪರಿಚಿತವಾದದ್ದು. ಗ್ರೀಕ್ ಮೂಲದ ಆ ಹೆಸರಿಗೆ ಚರ್ಮ ತಿನ್ನುವುದು ಎಂಬ ಅರ್ಥವಿದೆ. ಸುಮಾರು ಅರ್ಧದಿಂದ ಒಂದು ಸೆಂಟಿಮೀಟರ್ ಉದ್ದದ ಕಪ್ಪು ದುಂಬಿ. ಹೊಟ್ಟೆಯ ಭಾಗ ಬೆಳ್ಳಗಿರುತ್ತದೆ, ಮರಿಹುಳುವಿನ ಮೈತುಂಬ ಒರಟು ರೋಮಗಳಿರುತ್ತವೆ. ಒಣಗಿದ ಮಾಂಸ, ತೊಗಲು, ಗರಿ, ಒಣಮೀನು, ಸತ್ತ ಕೀಟ ಇವೇ ಅದರ ಆಹಾರ. ಪ್ರಾಣಿಗಳ ಅಸ್ಥಿಪಂಜರವನ್ನು ಕೆಡದಂತೆ ಬಿಡಿಸಿಕೊಳ್ಳಲು ನಿಸರ್ಗ ವಿಜ್ಞಾನದ ವಸ್ತುಸಂಗ್ರಹಾಲಯಗಳು ಇದನ್ನೇ ಸಾಕುತ್ತವೆ, ಏಕೆಂದರೆ ಅದು ಎಲುಬಿಗೆ ಗೀರು ಬೀಳಿಸದೆ ಮಾಂಸವನ್ನಷ್ಟೇ ತಿಂದು ಮುಗಿಸುತ್ತದೆ. ಸಸ್ಯಾಹಾರದಿಂದ ಅದು ಬಾಳಲಾರದು. ಇದನ್ನು ನೆನಪಿಟ್ಟುಕೊಳ್ಳಬೇಕು, ಏಕೆಂದರೆ ಮುಂದೆ ಬರುವ ಅಪಾಯದ ಬೇರು ಇಲ್ಲಿಯೇ ಇದೆ.

ಎರಡನೆಯದು ಬಫಲೋ ದುಂಬಿ, ಅಂದರೆ ಆಲ್ಫಿಟೋಬಿಯಸ್ ಡಯಾಪೆರಿನಸ್. ಆರು ಮಿಲಿಮೀಟರಿನಷ್ಟು ಉದ್ದದ, ಹೊಳೆಯುವ ಕಂದುಗಪ್ಪು ದುಂಬಿ. ಇದರ ಮರಿಹುಳು, ಹಕ್ಕಿ ಮೀನುಗಳ ಆಹಾರಕ್ಕೆ ಸಾಕುವ ಮೀಲ್‌ವರ್ಮ್ ಎಂಬ ಹುಳುವಿನ ಚಿಕ್ಕ ತಮ್ಮನಂತೆ ನಯವಾಗಿ, ಹಳದಿಮಿಶ್ರಿತ ಕಂದು ಬಣ್ಣದಲ್ಲಿರುತ್ತದೆ. ಇದು ಸರ್ವಭಕ್ಷಕ. ಹೆಣ, ಪೊರೆ, ಚೆಲ್ಲಿದ ತೌಡು, ಬಾಡಿದ ಗಜ್ಜರಿ, ಬೂಷ್ಟು, ಏನನ್ನು ಕೊಟ್ಟರೂ ತಿನ್ನುತ್ತದೆ. ನಮ್ಮ ಭಾಗದ ಕೋಳಿ ಫಾರಂಗಳಲ್ಲಿ ಹಿಕ್ಕೆಯ ರಾಶಿಯನ್ನು ಕೆದಕಿದಾಗ ಮುತ್ತಿದಂತೆ ಓಡಾಡುವ ಕಪ್ಪು ಹುಳುಗಳನ್ನು ಕಂಡವರಿಗೆ ಇದು ಹೊಸದಲ್ಲ; ಹೆಚ್ಚಾಗಿ ಅದೇ ಇದು. ಒಂದೇ ಕೀಟ ಒಂದು ಕಡೆ ಕೋಳಿ ಸಾಕಣೆಯ ಪೀಡೆ, ಇನ್ನೊಂದು ಕಡೆ ಆಹಾರ: 2023ರಲ್ಲಿ ಯುರೋಪಿಯನ್ ಒಕ್ಕೂಟವು ಇದರ ಮರಿಹುಳುವನ್ನು ಮನುಷ್ಯರ ಆಹಾರವಾಗಿಯೂ ಮಾನ್ಯ ಮಾಡಿದೆ.

ಜಿರಳೆ ಪೆಟ್ಟಿಗೆಗೆ ನಾನು ಎರಡನೆಯದನ್ನೇ ಆರಿಸುತ್ತೇನೆ. ಹೆಣಗಳ ಮಟ್ಟಿಗೆ ಡರ್ಮೆಸ್ಟಿಡ್ ಹೆಚ್ಚು ಚುರುಕು ಎಂಬುದನ್ನು ಒಪ್ಪುತ್ತೇನೆ. ಆದರೆ ಪೆಟ್ಟಿಗೆಯಲ್ಲಿ ಸಾವು ಕಡಿಮೆಯಾದ ವಾರಗಳಲ್ಲಿ ಅದಕ್ಕೆ ತಿನ್ನಲು ಬೇರೇನೂ ಇರುವುದಿಲ್ಲ, ಬಫಲೋ ದುಂಬಿಗಾದರೋ ತೌಡು ಇದ್ದೇ ಇರುತ್ತದೆ. ಹಸಿದ ದುಂಬಿ ಏನು ಮಾಡುತ್ತದೆ ಎಂಬುದು ಜಿರಳೆ ಪೊರೆ ಕಳಚುವ ಹೊತ್ತಿನಲ್ಲಿ ತಿಳಿಯುತ್ತದೆ. ಆಗಷ್ಟೇ ಪೊರೆ ಬಿಟ್ಟ ಜಿರಳೆ ಬೆಳ್ಳಗೆ, ಬೆಣ್ಣೆಯಷ್ಟು ಮೆತ್ತಗೆ ಇರುತ್ತದೆ. ಕವಚ ಗಟ್ಟಿಯಾಗಿ ಬಣ್ಣ ಬರುವವರೆಗಿನ ಕೆಲವು ಗಂಟೆ ಅದಕ್ಕೆ ಓಡುವ ಬಲವೂ ಇಲ್ಲ, ಕಾಪಾಡಿಕೊಳ್ಳುವ ಚಿಪ್ಪೂ ಇಲ್ಲ. ನನ್ನ ಎರಡನೆಯ ಬೇಸಿಗೆಯಲ್ಲಿ, ಪೆಟ್ಟಿಗೆ ಅಚ್ಚುಕಟ್ಟಾಗಿರಲಿ ಎಂದು ನಾನೇ ಕೈಯಾರೆ ಹೆಣಗಳನ್ನು ಆರಿಸಿ ತೆಗೆಯುತ್ತಿದ್ದೆ, ಒಣ ಆಹಾರವನ್ನೂ ಕಡಿಮೆ ಮಾಡಿದ್ದೆ. ಎರಡು ವಾರದಲ್ಲಿ ಕಾಲು ಕಡಿದ, ಹೊಟ್ಟೆ ತೂತಾದ ಬಿಳಿ ಮರಿಗಳು ಕಾಣತೊಡಗಿದವು. ಸ್ವಚ್ಛಗೊಳಿಸುವವರಿಗೆ ಕೆಲಸ ಬಿಡಿಸಿ ಕೂಳನ್ನೂ ತಪ್ಪಿಸಿದರೆ ಆಗುವುದು ಅದೇ. ದುಂಬಿಗೆ ಹೆಣ ಮತ್ತು ನಿಶ್ಚಲವಾದ ಜೀವಿ ಇವುಗಳ ನಡುವೆ ಭೇದವಿಲ್ಲ. ತಿನ್ನಲು ತಡೆಯೊಡ್ಡದೆ ಇರುವುದೆಲ್ಲವೂ ಅದಕ್ಕೆ ಆಹಾರ.

ಆದ್ದರಿಂದ ಲೆಕ್ಕವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಡುಬಿಯಾ ಹೆಣ್ಣು ಮೊಟ್ಟೆಯ ಕೋಶವನ್ನು ಹೊಟ್ಟೆಯೊಳಗೇ ಇಟ್ಟುಕೊಂಡು ಸುಮಾರು ಎರಡು ತಿಂಗಳ ಬಳಿಕ 20ರಿಂದ 40 ಮರಿಗಳನ್ನು ಹಾಕುತ್ತದೆ. ಆ ಮರಿಗಳು ಬಲಿಯಲು ನಾಲ್ಕರಿಂದ ಆರು ತಿಂಗಳು ಬೇಕು. ಬಫಲೋ ದುಂಬಿಯ ಹೆಣ್ಣು ತನ್ನ ಜೀವಮಾನದಲ್ಲಿ ನೂರಾರು ಮೊಟ್ಟೆಗಳನ್ನು ಇಡುತ್ತದೆ, 30 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಉಷ್ಣತೆಯಲ್ಲಿ ಮೊಟ್ಟೆಯಿಂದ ದುಂಬಿಯಾಗಲು ಅದಕ್ಕೆ ಆರೇಳು ವಾರ ಸಾಕು. ಅಂದರೆ ಜಿರಳೆಯ ಒಂದು ತಲೆಮಾರು ಬಲಿಯುವಷ್ಟರಲ್ಲಿ ದುಂಬಿಯ ಮೂರು ತಲೆಮಾರು ಮುಗಿದಿರುತ್ತವೆ. ಇದಕ್ಕೆ ನಮ್ಮ ಹವೆಯೂ ಜೊತೆಗೂಡುತ್ತದೆ. ಎರಡೂ ಜೀವಿಗಳಿಗೆ ಹಿತವಾದ 30 ಡಿಗ್ರಿಯನ್ನು ತಣ್ಣನೆಯ ದೇಶಗಳಲ್ಲಿ ಹೀಟರ್ ಇಟ್ಟು ಕೊಡುತ್ತಾರೆ. ರಾಯಚೂರು, ಬಳ್ಳಾರಿ, ಕೊಪ್ಪಳದಲ್ಲಿ ವರ್ಷದ ಬಹುಪಾಲು ಅದು ಬಿಟ್ಟಿಯಾಗಿಯೇ ಸಿಗುತ್ತದೆ. ಇದರಿಂದಾಗಿ ಬೇರೆಡೆಯ ಸಾಕಣೆಗಾರರು ಹೇಳುವ ಸಂಖ್ಯೆಗಳನ್ನು ಇಲ್ಲಿ ಹಾಗೆಯೇ ಅನುಸರಿಸಬಾರದು. ಸಾವಿರ ಜಿರಳೆಗಳ ಪೆಟ್ಟಿಗೆಗೆ ನೂರು ದುಂಬಿ ಬಿಡುವ ರೂಢಿಯನ್ನು ಕೈಬಿಟ್ಟು ನಾನು ಮೂವತ್ತರಿಂದ ಆರಂಭಿಸುತ್ತೇನೆ. ಮೂರು ತಿಂಗಳಲ್ಲಿ ಅವು ತಮಗೆ ಬೇಕಾದ ಸಂಖ್ಯೆಯನ್ನು ತಾವೇ ಮುಟ್ಟುತ್ತವೆ, ಅಲ್ಲಿಂದಾಚೆಗೆ ಕಡಿಮೆ ಮಾಡುತ್ತ ಹೋಗುವುದೇ ನನ್ನ ಕೆಲಸ.

ಕಡಿಮೆ ಮಾಡುವುದು ಕಷ್ಟವಲ್ಲ. ಸಂಜೆ ಗಜ್ಜರಿ ಅಥವಾ ಆಲೂಗಡ್ಡೆಯ ದಪ್ಪ ಹೋಳೊಂದನ್ನು ಹಿಕ್ಕೆಯಲ್ಲಿ ಅರ್ಧ ಹೂತಿಟ್ಟರೆ, ಬೆಳಿಗ್ಗೆಯ ಹೊತ್ತಿಗೆ ಅದರ ತಳದಲ್ಲಿ ದುಂಬಿಗಳೂ ಮರಿಹುಳುಗಳೂ ಗುಂಪುಗೂಡಿರುತ್ತವೆ. ಹೋಳನ್ನು ಎತ್ತಿ ನಯವಾದ ಬೋಗುಣಿಯಲ್ಲಿ ಕೊಡವಿದರಾಯಿತು. ಜಿರಳೆಗಳು ಮೊಟ್ಟೆ ಟ್ರೇಗಳಿಗೆ ಅಂಟಿಕೊಂಡು ಮೇಲಿರುವುದರಿಂದ, ಟ್ರೇಗಳನ್ನು ಇನ್ನೊಂದು ಪೆಟ್ಟಿಗೆಗೆ ವರ್ಗಾಯಿಸಿ ತಳದ ಹಿಕ್ಕೆಯನ್ನು ಹಿಟ್ಟಿನ ಜರಡಿಯಲ್ಲಿ ಹಿಡಿಯುವುದೂ ಸುಲಭ. ತೆಗೆದ ಬಫಲೋ ಮರಿಹುಳುಗಳನ್ನು ಮೀನಿಗೂ ಹಕ್ಕಿಗೂ ಕೊಡಬಹುದು. ಡರ್ಮೆಸ್ಟಿಡ್ ಮರಿಹುಳುಗಳನ್ನು ಮಾತ್ರ ಯಾವ ಪ್ರಾಣಿಗೂ ತಿನ್ನಿಸಬೇಡಿ. ಅವುಗಳ ರೋಮ ಬಾಯಿ, ಕರುಳುಗಳನ್ನು ಕೆರಳಿಸುತ್ತದೆ. ನಮ್ಮ ಚರ್ಮಕ್ಕೂ ಉಸಿರಿಗೂ ಅದು ಒಳ್ಳೆಯದಲ್ಲ; ಅಲರ್ಜಿ, ಉಬ್ಬಸ ಇರುವವರು ಈ ಹಿಕ್ಕೆಯನ್ನು ಜರಡಿ ಹಿಡಿಯುವಾಗ ಮಾಸ್ಕ್ ಧರಿಸಲೇಬೇಕು, ಕೆಲಸವನ್ನು ಬಯಲಿನಲ್ಲಿ ಗಾಳಿಗೆ ಬೆನ್ನು ಮಾಡಿ ಮಾಡಬೇಕು.

ಎಲ್ಲ ಕೀಟಗಳ ಪೆಟ್ಟಿಗೆಗೂ ದುಂಬಿ ಹೊಂದುವುದಿಲ್ಲ. ಡುಬಿಯಾಕ್ಕೆ ಹೊಂದುವುದಕ್ಕೆ ಕಾರಣ ಅದರ ಮೊಟ್ಟೆಗಳು ತಾಯಿಯ ಹೊಟ್ಟೆಯಲ್ಲೇ ಭದ್ರವಾಗಿರುವುದು. ಮೊಟ್ಟೆಕೋಶವನ್ನು ಹೊರಗೆ ಉದುರಿಸುವ ಜಿರಳೆ ಜಾತಿಗಳಲ್ಲಿ ದುಂಬಿಗಳು ಆ ಕೋಶಗಳನ್ನು ಕೊರೆದು ತಿನ್ನುತ್ತವೆ, ಆದ್ದರಿಂದ ಕೋಶಗಳನ್ನು ಆರಿಸಿ ಬೇರೆಡೆ ಮರಿ ಮಾಡಿಸುವವರಿಗೆ ಮಾತ್ರ ಅಲ್ಲಿ ದುಂಬಿ ಸರಿ. ಚಿಮ್ಮಂಡೆಗಳು ಒದ್ದೆ ಮಣ್ಣಿನ ಬಟ್ಟಲಿನಲ್ಲಿ ಮೊಟ್ಟೆಯಿಡುತ್ತವೆ. ಅವುಗಳ ಸಾವಿನ ಪ್ರಮಾಣವೂ ಹೆಚ್ಚು, ಹೆಣದ ನಾತವೂ ಹೆಚ್ಚು, ಹಾಗಾಗಿ ದುಂಬಿ ಬಿಡುವ ಆಸೆಯೂ ಸಹಜ. ಮೊಟ್ಟೆಯ ಬಟ್ಟಲನ್ನು ಎರಡು ದಿನಕ್ಕೊಮ್ಮೆ ಹೊರತೆಗೆಯುವ ಶಿಸ್ತು ಇದ್ದರೆ ಬೆಳೆಯುವ ಚಿಮ್ಮಂಡೆಗಳ ಪೆಟ್ಟಿಗೆಯಲ್ಲಿ ಕೆಲವೇ ದುಂಬಿಗಳನ್ನು ಇಡಬಹುದು, ಮರಿ ಮಾಡಿಸುವ ಪೆಟ್ಟಿಗೆಗೆ ಒಂದೂ ಹೋಗಕೂಡದು. ಇನ್ನು ಮೀಲ್‌ವರ್ಮ್ ಮತ್ತು ಸೂಪರ್‌ವರ್ಮ್ ಪೆಟ್ಟಿಗೆಗೆ ಸ್ವಚ್ಛತೆಯ ದುಂಬಿ ಬೇಡವೇ ಬೇಡ. ಅವು ಸ್ವತಃ ದುಂಬಿಯ ಮರಿಗಳು. ಅವುಗಳ ಕೋಶಾವಸ್ಥೆ, ಅಂದರೆ ಮರಿಹುಳು ದುಂಬಿಯಾಗುವ ಮುಂಚಿನ ಪ್ಯೂಪಾ ಹಂತ, ಅಲುಗಾಡಲಾರದ, ಕವಚವಿಲ್ಲದ ಸ್ಥಿತಿ. ಬಫಲೋ ಹುಳು ಅಲ್ಲಿ ಸೇರಿದರೆ ಆ ಪ್ಯೂಪಾಗಳನ್ನು ತಿನ್ನುತ್ತದೆ, ತೌಡನ್ನೂ ಹಂಚಿಕೊಳ್ಳುತ್ತದೆ, ಸಣ್ಣ ಮೀಲ್‌ವರ್ಮ್‌ಗೂ ಅದಕ್ಕೂ ವ್ಯತ್ಯಾಸ ಹಿಡಿಯುವುದೇ ಕಷ್ಟವಾಗಿ ಕೊನೆಗೆ ಇಡೀ ಪೆಟ್ಟಿಗೆ ಅದರದೇ ಆಗಿಬಿಡುತ್ತದೆ.

ದುಂಬಿಗಳ ಕೆಲಸಕ್ಕೆ ಒಣ ಪೆಟ್ಟಿಗೆ ಬೇಕು ಎಂಬುದನ್ನೂ ಹೇಳಬೇಕು. ಒದ್ದೆ ಮಣ್ಣಿನಲ್ಲಿ ಬಾಳುವ ಸ್ಪ್ರಿಂಗ್‌ಟೇಲ್, ಐಸೊಪಾಡ್‌ನಂತಹ ಸಣ್ಣ ತೇವಪ್ರಿಯ ಜೀವಿಗಳನ್ನು ಇದೇ ಕೆಲಸಕ್ಕೆ ಬಳಸುವವರಿದ್ದಾರೆ, ಆದರೆ ಏಪ್ರಿಲ್, ಮೇ ತಿಂಗಳಲ್ಲಿ ಉಷ್ಣತೆ 40 ಡಿಗ್ರಿ ದಾಟುವ ನಮ್ಮ ಒಣಹವೆಯಲ್ಲಿ ಅವು ದಿನವೊಂದರಲ್ಲಿ ಒಣಗಿಹೋಗುತ್ತವೆ. ದುಂಬಿ ಈ ಒಣಹವೆಯನ್ನು ತಾಳಿಕೊಳ್ಳುತ್ತದೆ. ಆದರೆ ನೀರೇ ಬೇಡವೆಂದಲ್ಲ: ಕುಡಿಯಲು ತೇವ ಸಿಗದಿದ್ದರೆ ಡರ್ಮೆಸ್ಟಿಡ್ ಹೆಣ್ಣು ಇಡುವ ಮೊಟ್ಟೆಗಳ ಸಂಖ್ಯೆ ಇಳಿಯುತ್ತದೆ, ಬಾಯಾರಿದ ಬಫಲೋ ದುಂಬಿ ಜೀವಂತ ಮರಿಗಳ ಕಡೆ ತಿರುಗುತ್ತದೆ. ಜಿರಳೆಗಳಿಗೆಂದು ಇಡುವ ಸೌತೆ, ಗಜ್ಜರಿಯ ಹೋಳು ಇಬ್ಬರಿಗೂ ಸಾಕಾಗುತ್ತದೆ. ಅದನ್ನು ಹಿಕ್ಕೆಯ ಮೇಲೆ ಹಾಕದೆ ತಟ್ಟೆಯಲ್ಲಿಟ್ಟು ಮರುದಿನ ತೆಗೆಯಬೇಕು. ತೊಂದರೆ ಬರುವುದು ಮಳೆಗಾಲದಲ್ಲಿ, ಅದರಲ್ಲೂ ಕಾಲುವೆ ನೀರಾವರಿಯ ಗದ್ದೆಗಳ ನಡುವಿನ ಊರುಗಳಲ್ಲಿ. ಗಾಳಿಯ ತೇವಾಂಶ ಏರಿದಾಗ ಹೆಣಗಳು ದುಂಬಿಯ ವೇಗಕ್ಕಿಂತ ಬೇಗ ಕೊಳೆಯುತ್ತವೆ, ನುಸಿಗಳೂ ಆಗಲೇ ಹೆಚ್ಚುತ್ತವೆ. ಆ ದಿನಗಳಲ್ಲಿ ದುಂಬಿಯ ಸಂಖ್ಯೆ ಹೆಚ್ಚಿಸುವುದು ಉಪಾಯವಲ್ಲ. ಗಾಳಿಕಂಡಿಯನ್ನು ದೊಡ್ಡದು ಮಾಡುವುದು, ಹಿಕ್ಕೆಯ ಪದರವನ್ನು ಎರಡು ಬೆರಳಿಗಿಂತ ತೆಳ್ಳಗೆ ಇಡುವುದು, ಒದ್ದೆ ತರಕಾರಿಯನ್ನು ಅರ್ಧಕ್ಕೆ ಇಳಿಸುವುದು ಉಪಾಯ.

ನನಗೆ ಅತ್ಯಂತ ಮುಖ್ಯವೆನಿಸುವ ವಿಷಯ ಇನ್ನು ಮುಂದಿದೆ: ಈ ದುಂಬಿಗಳು ಪೆಟ್ಟಿಗೆಯಿಂದ ಹೊರಗೆ ಹೋಗಬಾರದು. ತುಂಗಭದ್ರಾ ಜಲಾಶಯ 1953ರಲ್ಲಿ ಪೂರ್ಣಗೊಂಡ ಮೇಲೆ ಗಂಗಾವತಿ, ಕಾರಟಗಿ, ಸಿಂಧನೂರು, ಸಿರುಗುಪ್ಪದ ನೆಲ ಭತ್ತದ ನೆಲವಾಯಿತು. ಅಕ್ಕಿ ಗಿರಣಿ, ತೌಡಿನ ರಾಶಿ, ಗೋದಾಮು ಇವು ನಮ್ಮ ಊರುಗಳ ಬದುಕೇ ಆಗಿವೆ. ಬಫಲೋ ದುಂಬಿ ತೇವ ತಗುಲಿದ ಧಾನ್ಯಕ್ಕೂ ತೌಡಿಗೂ ಸೇರುವ ಗೋದಾಮಿನ ಕೀಟ. ಕೋಳಿ ಶೆಡ್ಡಿನಲ್ಲಿ ಅದು ಸಾಲ್ಮೊನೆಲ್ಲಾದಂತಹ ರೋಗಾಣುಗಳನ್ನು ಒಂದು ತಂಡದ ಕೋಳಿಗಳಿಂದ ಮುಂದಿನ ತಂಡಕ್ಕೆ ದಾಟಿಸುತ್ತದೆ. ಹೊಸಪೇಟೆಯ ಮೊಟ್ಟೆ ದರವನ್ನು ದಿನವೂ ಗಮನಿಸುವ ಈ ಸೀಮೆಯಲ್ಲಿ ಫಾರಂ ಪಕ್ಕದ ಮನೆಯವರು ದುಂಬಿ ಸಾಕುವುದು ನೆರೆಯವರಿಗೆ ಮಾಡುವ ಅನ್ಯಾಯವಾಗುತ್ತದೆ ಎಂದೇ ನಾನು ತಿಳಿದಿದ್ದೇನೆ. ಡರ್ಮೆಸ್ಟಿಡ್ ದುಂಬಿಗಳಾದರೋ ರೇಷ್ಮೆಗೂಡಿನ ಸಂಗ್ರಹಕ್ಕೆ ನುಗ್ಗಿ, ಒಳಗಿನ ಒಣಗಿದ ಪ್ಯೂಪಾ ತಿನ್ನಲು ಗೂಡನ್ನೇ ಕೊರೆಯುತ್ತವೆ. ರೇಷ್ಮೆ ಬೆಳೆಗಾರರಿಗೂ ಬಿತ್ತನೆ ಕೇಂದ್ರಗಳಿಗೂ ಅವು ಬಹಳ ಹಿಂದಿನಿಂದ ಗೊತ್ತಿರುವ ಶತ್ರು. ಅವುಗಳ ದಾಯಾದಿಗಳು ಕುರಿಯ ಉಣ್ಣೆಯ ಕಂಬಳಿಯನ್ನು ತೂತು ಮಾಡುತ್ತವೆ. ಬಳ್ಳಾರಿ ಸೀಮೆಯಲ್ಲಿ ತೊಗಲುಗೊಂಬೆಗಳನ್ನು ತಲೆಮಾರುಗಳಿಂದ ಪೆಟ್ಟಿಗೆಯಲ್ಲಿ ಕಾಪಾಡಿಕೊಂಡು ಬಂದ ಕುಟುಂಬಗಳಿವೆ; ಚರ್ಮವನ್ನೇ ಹೆಸರಿನಲ್ಲಿ ಹೊತ್ತ ಕೀಟವೊಂದು ಅಂಥ ಪೆಟ್ಟಿಗೆಗೆ ಸೇರುವುದನ್ನು ನೆನೆಸಿಕೊಂಡರೆ ಡರ್ಮೆಸ್ಟಿಡ್ ಬೇಡವೆಂಬ ನನ್ನ ನಿರ್ಧಾರ ಇನ್ನಷ್ಟು ಗಟ್ಟಿಯಾಗುತ್ತದೆ.

ತಡೆಯುವ ಬಗೆ ಅವುಗಳ ಸ್ವಭಾವದಿಂದಲೇ ತಿಳಿಯುತ್ತದೆ. ನಯವಾದ ಪ್ಲಾಸ್ಟಿಕ್ ಅಥವಾ ಗಾಜಿನ ಗೋಡೆಯನ್ನು ಎರಡೂ ದುಂಬಿಗಳು ಹತ್ತಲಾರವು, ಆದರೆ ಹಳೆಯ ಪೆಟ್ಟಿಗೆಯ ಗೀರು, ಅಂಟಿದ ಧೂಳು, ಗೋಡೆಗೆ ತಾಗಿದ ಟ್ರೇಯ ಮೂಲೆ ಅವುಗಳಿಗೆ ಏಣಿಯಾಗುತ್ತದೆ. ಸೆಕೆ ಹೆಚ್ಚಾದಾಗ ಬಲಿತ ದುಂಬಿಗಳು ಹಾರಬಲ್ಲವು, ಹಾಗಾಗಿ ಮುಚ್ಚಳವಿಲ್ಲದ ಪೆಟ್ಟಿಗೆ ನಮ್ಮಲ್ಲಿ ಸಲ್ಲದು. ಗಾಳಿಕಂಡಿಗೆ ನೈಲಾನ್ ಸೊಳ್ಳೆಪರದೆ ಹಾಕಿದರೆ ಮರಿಹುಳುಗಳು ಕಡಿದು ದಾರಿ ಮಾಡಿಕೊಳ್ಳುತ್ತವೆ. ಸ್ಟೀಲಿನ ಸಣ್ಣ ಕಣ್ಣಿನ ಜಾಲರಿಯೇ ಬೇಕು. ಕೋಶಾವಸ್ಥೆಗೆ ಹೋಗುವ ಮರಿಹುಳು ತನ್ನದೇ ಒಡಹುಟ್ಟಿದವುಗಳ ಬಾಯಿಯಿಂದ ತಪ್ಪಿಸಿಕೊಳ್ಳಲು ಮೆತ್ತಗಿನ ವಸ್ತುವೊಂದನ್ನು ಕೊರೆದು ಒಳಸೇರುತ್ತದೆ, ಆದ್ದರಿಂದ ಪೆಟ್ಟಿಗೆಯ ಸುತ್ತ ಥರ್ಮಕೋಲ್ ಎಂದೂ ಇರಬಾರದು. ತಂಪಿಗೆಂದು ನಾನು ಒಮ್ಮೆ ಹೊರಮೈಗೆ ಥರ್ಮಕೋಲ್ ಹಾಳೆ ಕಟ್ಟಿದ್ದೆ. ತಿಂಗಳೆರಡರಲ್ಲಿ ಅದು ಜೇನುಹಲ್ಲೆಯಂತಾಗಿತ್ತು. ಪೆಟ್ಟಿಗೆಯ ಕಾಲುಗಳನ್ನು ಸೋಪಿನ ನೀರಿನ ಬಟ್ಟಲಿನಲ್ಲಿ ನಿಲ್ಲಿಸಿದರೆ ಹೊರಗೆ ಬಿದ್ದ ದುಂಬಿ ಅಲ್ಲಿಯೇ ಮುಗಿಯುತ್ತದೆ, ಇರುವೆಯ ಕಾಟವೂ ತಪ್ಪುತ್ತದೆ. ಮೊಟ್ಟೆ ಟ್ರೇಗಳನ್ನು ಹೊಸದಾಗಿಯೇ ಕೊಳ್ಳಬೇಕು. ಫಾರಂನಿಂದ ಅಗ್ಗಕ್ಕೆ ಸಿಗುವ ಬಳಸಿದ ಟ್ರೇಗಳ ಜೊತೆ ಅಲ್ಲಿಯ ದುಂಬಿಯೂ ರೋಗಾಣುವೂ ಬರುತ್ತವೆ.

ಜರಡಿ ಹಿಡಿದ ಹಿಕ್ಕೆ ಒಳ್ಳೆಯ ಗೊಬ್ಬರ, ಆದರೆ ಅದರಲ್ಲಿ ಕಣ್ಣಿಗೆ ಕಾಣದ ಮೊಟ್ಟೆಗಳೂ ಎಳೆಯ ಮರಿಗಳೂ ಇರುತ್ತವೆ. ಅದನ್ನು ಹಾಗೆಯೇ ಗಿಡದ ಬುಡಕ್ಕೆ ಸುರಿದರೆ ದುಂಬಿಯನ್ನು ನಾವೇ ಬಿತ್ತಿದಂತೆ. ಬೇಸಿಗೆಯಲ್ಲಿ ಇದಕ್ಕೆ ಬಿಸಿಲೇ ಸಾಕು: ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ತೆಳ್ಳಗೆ ಹರಡಿ, ಬಾಯಿ ಬಿಗಿದು, ತಾರಸಿಯ ಮೇಲೆ ಮೂರು ನಾಲ್ಕು ದಿನ ಇಟ್ಟರೆ ಒಳಗಿನ ಉಷ್ಣತೆ 50 ಡಿಗ್ರಿ ಮೀರಿ ಎಲ್ಲ ಹಂತಗಳೂ ಸಾಯುತ್ತವೆ. ಚೀಲವನ್ನು ದಿನಕ್ಕೊಮ್ಮೆ ಮಗುಚುವುದನ್ನು ಮರೆಯಬಾರದು. ಮಳೆಗಾಲದಲ್ಲಿ ಫ್ರೀಜರಿನಲ್ಲಿ ಒಂದು ವಾರ ಇಡುವುದು ಕ್ಷೇಮ.

ಕೋಳಿಗೆಂದೇ ಕೀಟ ಸಾಕುವವರು ಇನ್ನೊಂದು ಸಂಗತಿಯನ್ನು ತಿಳಿದಿರಬೇಕು. ಕೋಳಿಯ ಕರುಳಿನ ಕೆಲವು ಲಾಡಿಹುಳುಗಳು ತಮ್ಮ ಜೀವನಚಕ್ರದ ಒಂದು ಹಂತವನ್ನು ದುಂಬಿಯ ದೇಹದಲ್ಲಿ ಕಳೆಯುತ್ತವೆ. ಲಾಡಿಹುಳುವಿನ ಮೊಟ್ಟೆ ಕೋಳಿಯ ಹಿಕ್ಕೆಯಲ್ಲಿ ಹೊರಬೀಳುತ್ತದೆ, ದುಂಬಿ ಅದನ್ನು ತಿನ್ನುತ್ತದೆ, ದುಂಬಿಯನ್ನು ಕೋಳಿ ತಿಂದಾಗ ಚಕ್ರ ಪೂರ್ತಿಯಾಗುತ್ತದೆ. ಕೋಳಿಹಿಕ್ಕೆಯ ಸಂಪರ್ಕವೇ ಇಲ್ಲದೆ ಪೆಟ್ಟಿಗೆಯಲ್ಲಿ ಬೆಳೆದ ದುಂಬಿಗೆ ಈ ದೋಷ ಅಂಟುವುದಿಲ್ಲ. ಫಾರಂನ ಹಿಕ್ಕೆಯಿಂದ ದುಂಬಿ ಹಿಡಿದು ತಂದು ಪೆಟ್ಟಿಗೆ ಆರಂಭಿಸುವವರು ಮಾತ್ರ ರೋಗವನ್ನೂ ಜೊತೆಗೇ ತಂದಿರುತ್ತಾರೆ. ಆರಂಭದ ದುಂಬಿಗಳನ್ನು ಕೀಟ ಸಾಕಣೆಗಾರರಿಂದಲೇ ಪಡೆದು, ಒಂದು ತಲೆಮಾರು ಬೇರೆ ಡಬ್ಬಿಯಲ್ಲಿ ಶುದ್ಧ ತೌಡಿನ ಮೇಲೆ ಬೆಳೆಸಿ, ಆ ಮರಿಗಳನ್ನು ಮಾತ್ರ ಜಿರಳೆಗಳ ಜೊತೆ ಬಿಡುವುದು ನನ್ನ ಕ್ರಮ. ದೇಶದ ಹೊರಗಿನಿಂದ ಜೀವಂತ ಕೀಟ ತರಿಸಲು ಸಸ್ಯ ಸಂಗರೋಧದ 2003ರ ಆದೇಶದಂತೆ ಪರವಾನಗಿ ಬೇಕು. ಅಂಚೆಯಲ್ಲಿ ಗುಟ್ಟಾಗಿ ಬರುವ ಪೊಟ್ಟಣಗಳಿಗೆ ಕೈಚಾಚಬಾರದು.

ಪೆಟ್ಟಿಗೆ ಸಮತೋಲದಲ್ಲಿದೆಯೇ ಎಂದು ತಿಳಿಯಲು ನಾನು ವಾರಕ್ಕೊಮ್ಮೆ ಒಂದು ಟ್ರೇಯನ್ನಷ್ಟೇ ಎತ್ತಿ ತಳವನ್ನು ನೋಡುತ್ತೇನೆ. ಒಳಗೆ ಟೊಳ್ಳಾದ, ಮುಟ್ಟಿದರೆ ಪುಡಿಯಾಗುವ ಚಿಪ್ಪುಗಳು ಕಂಡರೆ ಕೆಲಸ ನಡೆಯುತ್ತಿದೆ. ಒದ್ದೆಯಾಗಿ ಕಪ್ಪಾದ ಇಡೀ ಹೆಣಗಳು ಕಂಡರೆ ದುಂಬಿ ಸಾಲದು, ಅಥವಾ ತೇವ ಹೆಚ್ಚಾಗಿದೆ. ಹಗಲಿನಲ್ಲಿಯೂ ದುಂಬಿಗಳು ಬೆಳಕಿಗೆ ಹೆದರದೆ ಟ್ರೇಯ ಮೇಲ್ಭಾಗದವರೆಗೆ ಹತ್ತಿ ಓಡಾಡುತ್ತಿದ್ದರೆ, ಬಿಳಿ ಮರಿಗಳ ಕಾಲುಗಳು ಕಡಿದಿದ್ದರೆ, ಅವುಗಳ ಸಂಖ್ಯೆ ಮಿತಿ ಮೀರಿದೆ. ಆ ಸಂಜೆಯೇ ಎರಡು ಮೂಲೆಗಳಲ್ಲಿ ಗಜ್ಜರಿಯ ಹೋಳು ಹೂತಿಟ್ಟು, ಒಂದು ಹಿಡಿ ಒಣ ತೌಡನ್ನು ಹೆಚ್ಚಿಗೆ ಹಾಕುತ್ತೇನೆ.